ಜಾಯಿಂಟು ಮುಟ್ಟಿ ನೋಡುತ್ತಿದ್ದವರು

ಕಳೆದ ತಿಂಗಳು ಹರಿಹರದಲ್ಲಿ ಅವರು ತೀರಿಕೊಂಡ ಮೇಲಿನ ಶಿವಗಣಾರಾಧನೆ ಇತ್ತು. ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು, ಎಲೆಯ ತುದಿಯ ಉಪ್ಪಿನಕಾಯಿಯನ್ನು ಬೆರಳಿನಿಂದ ಆಚೆ ಸರಿಸುತ್ತ, "ನೀವು ಅವರಿಗೆ ಏನಾಗ್ಬೇಕ್ರಿ?" ಎಂದು ಕೇಳಿದರು. ನಾನು ಬಂಧುವಲ್ಲ. ನೆರೆಯವಳೂ ಅಲ್ಲ. ನಾವಿರುವುದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ಅವರ ಮನೆ ಹರಿಹರದಲ್ಲಿ, ಹೊಳೆಯ ಕಡೆ ಇಳಿಯುವ ಓಣಿಯಲ್ಲಿ. "ದಿನಾ ಬೆಳಿಗ್ಗೆ ನಮ್ಮ ಕಟ್ಟೆ ಮೇಲೆ ಹತ್ತು ನಿಮಿಷ ಕೂರ್ತಿದ್ರು" ಎಂದೆ. ಆ ಹೆಂಗಸು ಅಷ್ಟೇನಾ ಎನ್ನುವಂತೆ ನನ್ನನ್ನು ನೋಡಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಲು ಆ ಕಡೆ ತಿರುಗಿದರು.

ಹೌದು, ಅಷ್ಟೇ. ಏಳು ವರ್ಷ, ದಿನಕ್ಕೆ ಹತ್ತು ನಿಮಿಷ.

ನಮ್ಮ ಮನೆಯವರು ಆಗ ಒಂದು ಗಣಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ದಾವಣಗೆರೆಯಿಂದ ಜೀಪಿನಲ್ಲಿ ಒಂದೂವರೆ ಗಂಟೆಯ ದಾರಿ. ಕಂಪನಿಯ ಜೀಪು ನಮ್ಮ ಗೇಟಿನ ಮುಂದಿನಿಂದಲೇ ಹೊರಡುತ್ತಿತ್ತು. ಇವರೂ ಅದೇ ಗಣಿಯವರು. ಹರಿಹರದಿಂದ ಮೊದಲ ಬಸ್ಸು ಹಿಡಿದು ಬಂದು, ಜೀಪು ಬರುವವರೆಗೆ ನಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದರು. ಕುರ್ಚಿ ಹಾಕಿದರೆ ಕೂರುತ್ತಿರಲಿಲ್ಲ. ಚಪ್ಪಲಿಗಳನ್ನು ರಸ್ತೆಯ ಕಡೆಗೆ ಮೂತಿ ಮಾಡಿ ಬಿಡುತ್ತಿದ್ದರು, ಜೀಪು ಬಂದರೆ ಕಾಲು ತೂರಿಸಿ ಹೊರಡಲು. ಊಟದ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ನಾನು ಚಹಾ ಕೊಟ್ಟರೆ ಕುಡಿಯುವ ಮೊದಲು ಲೋಟದ ತಳವನ್ನು ಬೆರಳಿನಿಂದ ಒಮ್ಮೆ ಸವರುತ್ತಿದ್ದರು. ಮೊದಮೊದಲು ನನಗೆ ಕಸಿವಿಸಿಯಾಯಿತು, ಲೋಟ ತೊಳೆದದ್ದು ಸರಿಯಿಲ್ಲವೇನೋ ಎಂದು. ಆಮೇಲೆ ಗೊತ್ತಾಯಿತು, ಅವರು ಎಲ್ಲದರ ತಳವನ್ನೂ ಹಾಗೆ ಮುಟ್ಟಿ ನೋಡುತ್ತಾರೆ. ನಲ್ಲಿಯ ಕೆಳಗೆ, ಗ್ಯಾಸಿನ ರಬ್ಬರು ಕೊಳವೆ ಸೇರುವ ಕಡೆ, ನೀರಿನ ಟ್ಯಾಂಕಿನ ಅಡಿ. ಯಾವಾಗಲೂ ಬೆರಳಿನ ಹಿಂಭಾಗದಿಂದ. "ಮುಂದಿನ ಚರ್ಮ ದಪ್ಪ ಆಗೈತೆ ಅಕ್ಕಾರೆ. ಹಸಿ ತಿಳಿಯಲ್ಲ. ಹಿಂದಿಂದು ಇನ್ನೂ ಹೇಳ್ತೈತೆ" ಎನ್ನುತ್ತಿದ್ದರು.

ನಮ್ಮ ಅಂಗಳದ ನಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಬಂದು ನೋಡಿ ಹೋದದ್ದೇ ಬಂತು. ಇವರು ಒಂದು ಬೆಳಿಗ್ಗೆ ಜೇಬಿನಿಂದ ನೂಲು ತೆಗೆದು, ಎಂಟು ಸುತ್ತು ಸುತ್ತಿ, ತಿರುಪಿ, ಜೀಪು ಹಾರ್ನ್ ಹಾಕುವಷ್ಟರಲ್ಲಿ ಮುಗಿಸಿಬಿಟ್ಟರು.

ಅವರ ಕೆಲಸವೇ ಅದು. ಗಣಿಯ ಗುಂಡಿಯ ತಳದಲ್ಲಿ ಒಸರುವ ನೀರನ್ನು ಪಂಪು ಮಾಡಿ, ಗುಡ್ಡದ ಬದಿಯ ಉದ್ದನೆಯ ಪೈಪಿನಲ್ಲಿ ಶುದ್ಧೀಕರಣದ ಘಟಕಕ್ಕೆ ಕಳಿಸುತ್ತಾರೆ. ಅಲ್ಲಿ ಸುಣ್ಣ ಬೆರೆಸಿ, ಕೆಸರು ತಳಕ್ಕೆ ಇಳಿಸಿ, ಆಮೇಲಷ್ಟೇ ಹೊರಗೆ ಬಿಡಬೇಕು. ಘಟಕ ಮುಟ್ಟುವ ಮೊದಲು ಆ ನೀರು ಎಲ್ಲಿಯೂ ಹನಿಯಬಾರದು. ಹನಿಯದಂತೆ ನೋಡಿಕೊಳ್ಳುವುದು ಇವರ ಜವಾಬ್ದಾರಿ. ದಿನಾ ಆ ಇಡೀ ಲೈನನ್ನು ನಡೆದೇ ನೋಡಬೇಕು.

"ನೋಡಾಕೆ ತಿಳಿ ನೀರು ಅಕ್ಕಾರೆ, ನಿಮ್ಮ ಗಾಜಿನ ಲೋಟದಾಗೆ ಇಟ್ರೆ ಕುಡಿಯೋಣ ಅನಿಸ್ತೈತೆ. ಆದ್ರೆ ಹುಳಿ. ಕಬ್ಬಿಣಾನೇ ತಿಂತೈತೆ. ಕೆಂಪಗಿದ್ರೆ ಜನ ಹೆದರ್ತಿದ್ರು. ತಿಳಿ ಐತಲ್ಲ, ಅದೇ ಕಷ್ಟ."

ಇನ್ನೊಂದು ಮಾತನ್ನು ಬಹಳ ಸಲ ಹೇಳುತ್ತಿದ್ದರು. "ಪೈಪು ನಡುವೆ ಒಡೆಯೋದು ಕಮ್ಮಿ. ಒಡೆದ್ರೆ ಸೇರೋ ಜಾಗದಾಗೆ." ಜೀಪಿನ ಡ್ರೈವರ್ ಇದನ್ನು ಕೇಳಿದಾಗಲೆಲ್ಲ, "ಅದಕ್ಕೇ ಸಾಹೇಬ್ರೆ ನಾನು ಮದುವಿ ಮಾಡ್ಕಂಡಿಲ್ಲ" ಎನ್ನುತ್ತಿದ್ದ. ಇವರು ನಗುತ್ತಿರಲಿಲ್ಲ. ತಮಾಷೆ ಅರ್ಥವಾಗದೆ ಅಲ್ಲ, ಜಾಯಿಂಟಿನ ವಿಷಯದಲ್ಲಿ ತಮಾಷೆ ಅವರಿಗೆ ಹಿಡಿಸುತ್ತಿರಲಿಲ್ಲ.

ಜಾಯಿಂಟು ನೋಡುವುದಕ್ಕೆ ಅವರದೇ ಒಂದು ರೀತಿ ಇತ್ತು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ವಿಭೂತಿ ಗಟ್ಟಿ. ಹಣೆಗೆ ಹಚ್ಚಿಕೊಂಡು ಉಳಿದದ್ದನ್ನು ಪೈಪಿಗೆ ಉಜ್ಜುತ್ತಿದ್ದರು. ಎರಡು ಪೈಪು ಬೋಲ್ಟಿನಿಂದ ಸೇರುವ ಕಡೆ, ತಳದಲ್ಲಿ, ಒಣಗಿದ್ದನ್ನು ಒಣಗಿದ ಪೈಪಿಗೆ. ಅರ್ಧ ಗಂಟೆ ಬಿಟ್ಟು ಹಿಂದೆ ಬರುವಾಗ ನೋಡುವುದು. ಬೆಳ್ಳಗಿದ್ದರೆ ಸರಿ. ಸೂಜಿಮೊನೆಯಷ್ಟು ನೀರು ಒಸರಿದರೂ ಅಲ್ಲಿ ಬೂದು ಕಲೆ ಏಳುತ್ತದೆ.

"ಮೊದ್ಲು ಆಫೀಸಿನಿಂದ ಸೀಮೆಸುಣ್ಣದ ಪುಡಿ ಕೊಡ್ತಿದ್ರು" ಎಂದು ಒಂದು ದಿನ ಹೇಳಿದರು. "ಒಂದ್ಸಲ ಖಾಲಿ ಆತು. ಸ್ಟೋರ್ಸಿಗೆ ಬರೆದು ಕೊಟ್ಟೆ." ಇಷ್ಟು ಹೇಳಿ ಒಳಗೆ ಶೂ ಹಾಕಿಕೊಳ್ಳುತ್ತಿದ್ದ ನಮ್ಮ ಮನೆಯವರ ಕಡೆ ಕಣ್ಣು ಹಾಯಿಸಿದರು. "ಇನ್ನೂ ಬರಾಕತ್ತೈತೆ."

"ಕೇಳಿಸ್ತು ಕೇಳಿಸ್ತು" ಎಂದರು ನಮ್ಮವರು ಒಳಗಿನಿಂದ.

ಅವರ ಹೆಂಡತಿಗೆ ಇದು ಸ್ವಲ್ಪವೂ ಸೇರುತ್ತಿರಲಿಲ್ಲವಂತೆ. ಹಣೆಗೆ ಹಚ್ಚುವುದನ್ನು ಕೊಳಕು ನೀರಿನ ಪೈಪಿಗೆ ಹಚ್ಚುತ್ತೀರಲ್ಲ, ಶಿವ ಮೆಚ್ಚುತ್ತಾನಾ ಎಂದು ಜಗಳ. "ಅವನಿಗೇನು ಬ್ಯಾಸರ ಇಲ್ಲ, ನಿನಗೇ ಬ್ಯಾಸರ ಅಂದೆ. ಎರಡು ದಿನ ಮಾತು ಬಿಟ್ಟಿದ್ಲು" ಎಂದು ಅವರು ಹೇಳಿದ್ದು ನೆನಪಿದೆ.

ಲೈನಿನ ಕೆಲಸದವರು ವರ್ಷಗಟ್ಟಲೆ ಇದನ್ನು ನೋಡುತ್ತಿದ್ದರು. ಬೆಳಿಗ್ಗೆ ಬಂದವರೇ ಪೈಪಿನ ಮುಂದೆ ಕೂತು, ವಿಭೂತಿ ತೆಗೆದು, ಒಂದೊಂದು ಜಾಯಿಂಟಿಗೂ ಹಚ್ಚಿ ಮುಂದೆ ಹೋಗುವ ಮನುಷ್ಯ. ಏನೆಂದುಕೊಂಡಿರಬೇಕು ಅವರು? ಯಾರೂ ಕೇಳಲಿಲ್ಲ. ಇವರೂ ಹೇಳಲಿಲ್ಲ.

ಆಯುಧಪೂಜೆಯ ದಿನ ಅದು ತಿಳಿಯಿತು.

ಆ ವರ್ಷ ಮ್ಯಾನೇಜರು ಎಲ್ಲರ ಸಂಸಾರಗಳನ್ನೂ ಗಣಿಗೆ ಕರೆದಿದ್ದರು. ಪಂಪ್ ಹೌಸಿಗೆ ಹೊಸ ಪಂಪು ಬಂದಿತ್ತು, ಹಳೆಯದಕ್ಕಿಂತ ಬಹಳ ಜೋರಿನದು. ಮಾಲೀಕರ ಮನೆಯವರು ಬಂದು ಮಧ್ಯಾಹ್ನದ ಮುಹೂರ್ತಕ್ಕೆ ಅದರ ಗುಂಡಿ ಒತ್ತುವ ಕಾರ್ಯಕ್ರಮ. ದಾವಣಗೆರೆಯಿಂದ ಎರಡು ಬಸ್ಸು ಹೊರಟವು. ನಮ್ಮನ್ನೆಲ್ಲ ಕೂಡಿಸಿಕೊಂಡು ಬರುವ ಕೆಲಸವನ್ನು ಮ್ಯಾನೇಜರು ಇವರಿಗೆ ಒಪ್ಪಿಸಿದ್ದರು. ಹಾಗಾಗಿ ಆ ಒಂದು ಬೆಳಿಗ್ಗೆ ಇವರು ಲೈನು ನಡೆಯಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು, ಎರಡೆರಡು ನಿಮಿಷಕ್ಕೆ ವಾಚು ನೋಡಿಕೊಳ್ಳುತ್ತಿದ್ದರು. ನಾನು ಮಂಡಕ್ಕಿಯ ಪೊಟ್ಟಣ ಕೊಟ್ಟರೆ ತೆಗೆದುಕೊಂಡು, ಬಿಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದರು.

ಗಣಿಯ ಕೆಳಗೆ ಒಂದು ಹಳ್ಳ ಹರಿಯುತ್ತದೆ. ಪೈಪು ಆ ಹಳ್ಳವನ್ನು ಕಬ್ಬಿಣದ ಕಾಲುಸೇತುವೆಯ ಪಕ್ಕದಲ್ಲಿ ದಾಟುತ್ತದೆ. ಹಳ್ಳ ಕೆಳಗಿಳಿದು ಒಂದು ಹಳ್ಳಿಯ ಮಗ್ಗುಲಿಗೇ ಹೋಗುತ್ತದೆ, ಅಲ್ಲಿನ ಕುಡಿಯುವ ನೀರಿನ ಬಾವಿ ಹಳ್ಳದ ದಂಡೆಯಲ್ಲಿದೆ. ಸೇತುವೆಗೆ ಬಾಳೆಕಂದು ಕಟ್ಟಿದ್ದರು, ಚೆಂಡುಹೂವಿನ ಮಾಲೆ ಬಿಟ್ಟಿದ್ದರು. ತೊಳೆದ ಪೈಪು ಮಿಂಚುತ್ತಿತ್ತು. ಒಂದೊಂದು ಜಾಯಿಂಟಿಗೂ ಮೂರು ಪಟ್ಟಿ ವಿಭೂತಿ, ನೀರಿನಲ್ಲಿ ಕಲಸಿ ಎಳೆದದ್ದು, ನಡುವೆ ಕುಂಕುಮ.

ಬಸ್ಸಿನಿಂದ ಇಳಿದ ಇವರು ಅದನ್ನು ನೋಡಿ ನಿಂತುಬಿಟ್ಟರು. ಪಂಪ್ ಹೌಸಿನ ಆಪರೇಟರ್, ನಡುವಯಸ್ಸಿನ ಗಟ್ಟಿ ಆಳು, ಹೊಸ ಅಂಗಿ ಹಾಕಿಕೊಂಡು ಎದುರು ಬಂದ.

"ಹೆಂಗೈತೆ ಸಾಹೇಬ್ರೆ? ಒಂದ್ ಜಾಯಿಂಟೂ ಬಿಟ್ಟಿಲ್ಲ. ಎಲ್ಲದಕ್ಕೂ ಹಚ್ಚೀವಿ, ನೀವು ದಿನಾ ಮಾಡ್ತೀರಲ್ಲ ಹಂಗೇ."

"ಪೈಪು ತೊಳೆದ್ರಾ?"

"ಬೆಳಿಗ್ಗೆ ಏಳಕ್ಕೇ. ನಾಲ್ಕು ಜನ ಸೇರಿ."

"ತೊಳೆಯೋ ಮುಂಚೆ ಜಾಯಿಂಟ್ ನೋಡಿದ್ರಾ?"

"ನೋಡಿದ್ವಲ್ಲ. ಎರಡು ಕಡೆ ಹಸಿ ಇತ್ತು. ಇಬ್ಬನಿ ಇರ್ಬೇಕು. ಹೆಂಗೂ ತೊಳೆಯೋದೈತೆ ಅಂತ..."

ಇವರ ಬಾಯಿಂದ ಏನೋ ಬರುವುದರಲ್ಲಿತ್ತು. ಅಷ್ಟರಲ್ಲಿ ಮ್ಯಾನೇಜರು ಶಾಮಿಯಾನದ ಕಡೆಯಿಂದ ಜೋರಾಗಿ ಕರೆದರು, ಅತಿಥಿಗಳನ್ನು ಕೂಡಿಸಬೇಕೆಂದು. ಇವರು ಹಿಂತಿರುಗಿ ನೋಡುತ್ತ ನೋಡುತ್ತ ಹೋದರು.

ಆಮೇಲೆ ಹೆಂಗಸರೆಲ್ಲ ಸೇತುವೆಯ ಮೇಲೆ ಫೋಟೋ ತೆಗೆಸಿಕೊಳ್ಳಲು ಹೋದೆವು. ಬಿಸಿಲು ಚುರುಗುಟ್ಟುತ್ತಿತ್ತು. ಏಳು ಗಂಟೆಗೆ ಹಚ್ಚಿದ ವಿಭೂತಿ ಒಣಗಿ ಬಿರುಕು ಬಿಟ್ಟಿತ್ತು, ಗೋಡೆಗೆ ಹಚ್ಚಿದ ಸುಣ್ಣದ ಹಾಗೆ. ಒಂದರಲ್ಲಿ ಮಾತ್ರ ಬಿರುಕು ಬಿಟ್ಟಿರಲಿಲ್ಲ. ಹಳ್ಳದ ನಟ್ಟನಡುವಿನ ಜಾಯಿಂಟು. ಅದರ ಪಟ್ಟಿಗಳು ಇನ್ನೂ ಬೂದು ಬಣ್ಣದಲ್ಲಿದ್ದವು. ಕುಂಕುಮ ಕರಗಿ ಎಳೆಯಾಗಿ ತಳಕ್ಕೆ ಇಳಿದಿತ್ತು. ಕೆಳಗೆ ಹಳ್ಳದ ಬಂಡೆಯ ಮೇಲೆ ರೂಪಾಯಿಯಗಲದ ಒಂದು ಒದ್ದೆ ಗುರುತು.

ಪಕ್ಕದಲ್ಲಿದ್ದ ನಮ್ಮ ಮನೆಯವರಿಗೆ ತೋರಿಸಿದೆ. "ಪೂಜೆ ನೀರು ಇರುತ್ತೆ ಬಿಡು. ಇಲ್ಲಿ ನೋಡು, ಫೋಟೋ ತೆಗೀತಿದಾರೆ" ಎಂದರು. ನಾನು ನೋಡಿದೆನೆಂದೇ ಅಂದುಕೊಂಡಿದ್ದೆ. ನಕ್ಕೆ. ಆ ಫೋಟೋ ಈಗಲೂ ಫೋನಿನಲ್ಲಿದೆ, ಅದರಲ್ಲಿ ನಾನೊಬ್ಬಳೇ ಕ್ಯಾಮೆರಾ ಬಿಟ್ಟು ಕೆಳಗೆ ನೋಡುತ್ತಿದ್ದೇನೆ.

ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರು ಕಲಿಸಿದ್ದು, ಕೇಳದೆ ಮಾತಾಡಬಾರದು ಎಂದು. ಅದು ನನ್ನ ಮೈಯಲ್ಲಿ ಕೂತುಬಿಟ್ಟಿದೆ. ಇಷ್ಟು ಜನ ಇಂಜಿನಿಯರುಗಳಿದ್ದಾರೆ, ನಾನೇನು ಹೇಳುವುದು? ಹಾಗೆಂದುಕೊಂಡು ಅರ್ಧ ಗಂಟೆ ಕಳೆದೆ. ಊಟಕ್ಕೆ ಕೂತೆವು. ಎರಡನೆಯ ಸಲ ಕೋಸಂಬರಿ ಬಡಿಸಿಕೊಂಡು ಬಂದವರು ಹಾದುಹೋದ ಮೇಲೆ, ಎದುರು ಸಾಲಿನ ಕೊನೆಗೆ ಇವರು ಕೂತದ್ದು ಕಂಡಿತು. ಎದ್ದು ಹೋಗಿ ಬಗ್ಗಿ ಹೇಳಿದೆ. "ಅಣ್ಣಾರೆ, ಹಳ್ಳದ ಮೇಲಿಂದು ಒಂದು ಇನ್ನೂ ಒಣಗಿಲ್ಲ."

"ಯಾವುದು?"

"ನಡುವಿಂದು. ಕುಂಕುಮ ಇಳೀತಿದೆ."

ಅವರು ಹೋಳಿಗೆ ಮುರಿದ ಕೈಯಲ್ಲೇ ಎದ್ದರು. ಕೈ ತೊಳೆಯಲಿಲ್ಲ. ನೇರವಾಗಿ ಮ್ಯಾನೇಜರ ಹತ್ತಿರ ಹೋದರು. ನಾನು ಅವರ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿ ನಿಂತೆ.

"ಸರ್, ಹೊಸ ಪಂಪು ಈಗ ಹಾಕೋದು ಬ್ಯಾಡ. ಹಳ್ಳದ ಮೇಲಿನ ಜಾಯಿಂಟು ಸೋರ್ತೈತೆ. ಹಳೇ ಪಂಪಿನ ಜೋರಿಗೇ ಸೋರಾಕತ್ತೈತೆ ಅಂದ್ರೆ ಇದಕ್ಕೆ ತಡಿಯಲ್ಲ."

ಮ್ಯಾನೇಜರು ಅತಿಥಿಗಳ ಕಡೆ ಒಂದು ಕಣ್ಣಿಟ್ಟು, ತಗ್ಗಿದ ದನಿಯಲ್ಲಿ, "ರೀ, ಮುಹೂರ್ತ ಇರೋದು ಇನ್ನು ಹತ್ತು ನಿಮಿಷ. ಹತ್ತು ನಿಮಿಷ ಓಡಿಸಿ ನಿಲ್ಲಿಸೋಣ. ಆಮೇಲೆ ನಿಮ್ಮ ಜಾಯಿಂಟು ನೋಡ್ಕೊಳ್ಳಿ" ಎಂದರು.

"ಹತ್ತು ನಿಮಿಷ ಬಾಳ ಆತು ಸರ್."

"ಇವತ್ತೇ ಶುರು ಮಾಡ್ಬೇಡ್ರಿ ನೀವು."

ಇವರು ತಿರುಗಿದವರೇ ಸೇತುವೆಯ ಕಡೆ ಓಡಿದರು. ಐವತ್ತೈದು ದಾಟಿದ ಮನುಷ್ಯ, ಹಬ್ಬದ ಪಂಚೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಓಡುವುದನ್ನು ನೋಡಿ ಕೆಲವರು ನಕ್ಕರು. ಸೇತುವೆಯ ಈಚೆ ಒಂದು ವಾಲ್ವ್ ಇತ್ತು, ಬಸ್ಸಿನ ಸ್ಟೀರಿಂಗಿನಷ್ಟು ದೊಡ್ಡ ಕಬ್ಬಿಣದ ಚಕ್ರ. ಅದನ್ನು ಪೂರ್ತಿ ಮುಚ್ಚಲು ಬಹಳ ಸುತ್ತು ಬೇಕು. ಅವರು ತಿರುಗಿಸತೊಡಗಿದರು. "ತಡೀರಿ, ಗುಂಡಿ ಒತ್ತಬ್ಯಾಡ್ರಿ ಅನ್ರೀ ಯಾರಾದ್ರೂ" ಎಂದು ಕೂಗಿದ್ದು ನನಗೆ ಕೇಳಿಸಿತು. ಶಾಮಿಯಾನದಲ್ಲಿ ಓಲಗ ಊದುತ್ತಿದ್ದರು. ನಾನು ನಮ್ಮ ಮನೆಯವರ ತೋಳು ಹಿಡಿದೆ. ಅವರು ಮ್ಯಾನೇಜರ ಕಡೆ ಹೊರಟರು. ಚಪ್ಪಾಳೆ ಕೇಳಿತು. ಗುಂಡಿ ಒತ್ತಿ ಆಗಿತ್ತು.

ಪಟ್ ಎಂದು ಒಂದು ಶಬ್ದ, ದೊಡ್ಡದೇನಲ್ಲ. ಹಳ್ಳದ ನಡುವೆ ಜಾಯಿಂಟಿನ ರಬ್ಬರು ಕಿತ್ತುಬಂದು ನೀರು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು. ಎಷ್ಟು ತಿಳಿ ನೀರು! ಬಿಸಿಲಿಗೆ ಅದರಲ್ಲಿ ಬಣ್ಣ ಮೂಡಿತ್ತು. ಶಾಮಿಯಾನದವರು ಇದೂ ಕಾರ್ಯಕ್ರಮದ್ದೇ ಎಂದುಕೊಂಡು ಇನ್ನೊಮ್ಮೆ ಚಪ್ಪಾಳೆ ಹೊಡೆದರು. ಫೋನುಗಳು ಮೇಲೆದ್ದವು.

ದಂಡೆಯವರೆಗೂ ಸಿಡಿಯುತ್ತಿದ್ದ ಆ ನೀರಿನಲ್ಲೇ ಇವರು ಚಕ್ರ ತಿರುಗಿಸುತ್ತಿದ್ದರು. ಆಪರೇಟರ್ ಓಡಿ ಬಂದು ಎದುರಿನಿಂದ ಹಿಡಿದ. ಇಬ್ಬರೂ ಸೇರಿ ತಿರುಗಿಸಿದರು. ನಮ್ಮ ಮನೆಯವರು ಪಂಪ್ ಹೌಸಿಗೆ ಹೋಗಿ ಪಂಪು ನಿಲ್ಲಿಸುವಷ್ಟರಲ್ಲಿ, ವಾಲ್ವು ಮುಚ್ಚುವಷ್ಟರಲ್ಲಿ, ಹೋಗುವಷ್ಟು ನೀರು ಹೋಗಿಯಾಗಿತ್ತು. ಹಳ್ಳ ಮೊದಲಿನ ಹಾಗೆಯೇ ಹರಿಯುತ್ತಿತ್ತು. ನೋಡಿದರೆ ಏನೂ ಆಗಿಲ್ಲ.

ಇವರು ಮೈಯೆಲ್ಲ ಒದ್ದೆಯಾಗಿ ದಂಡೆ ಹತ್ತಿದರು. ಕಣ್ಣು ಕೆಂಪಗಾಗಿತ್ತು. ನಾನು ಕ್ಯಾನಿನ ನೀರು ತಂದು ಮುಖಕ್ಕೆ ಎರಚಿದೆ. ಅವರು ನಾಲ್ಕು ಜನರಿಗೆ ಸುಣ್ಣದ ಚೀಲ ತಂದು ಹಳ್ಳಕ್ಕೆ ಸುರಿಯಲು, ಕೆಳಗೆ ಮರಳು ಚೀಲ ಅಡ್ಡ ಹಾಕಲು ಹೇಳಿ, ಆಪರೇಟರನ ಕಡೆ ತಿರುಗಿ, "ಬೈಕ್ ತೆಗಿ. ಊರಿಗೆ ಹೋಗ್ಬೇಕು" ಎಂದರು.

ಮ್ಯಾನೇಜರು ಅಷ್ಟರಲ್ಲಿ ಅಲ್ಲಿದ್ದರು. "ಊರಿಗೆ ಯಾಕ್ರಿ? ಹೆಡ್ ಆಫೀಸಿಗೆ ಹೇಳಿ, ಏನು ಹೇಳ್ಬೇಕು ಅಂತ ಕೇಳ್ಕೊಂಡು, ಆಮೇಲೆ ನಾನೇ ಹೇಳ್ತೀನಿ. ಅಲ್ಲಿವರೆಗೂ ಯಾರೂ ಹೋಗೋ ಹಾಗಿಲ್ಲ."

"ನಾವು ನಿಲ್ತೀವಿ ಸರ್" ಎಂದರು ಇವರು, ಬೈಕಿನ ಹಿಂದೆ ಕೂರುತ್ತ. "ಹಳ್ಳ ನಿಲ್ಲಲ್ಲ."

ಹಳ್ಳಿಯಲ್ಲಿ ಆದದ್ದನ್ನು ಆಪರೇಟರ್ ಆಮೇಲೆ ಹೇಳಿದ. ಬಾವಿಯಲ್ಲಿ ಒಬ್ಬ ಮುದುಕಿ ಕೊಡ ಸೇದುತ್ತಿದ್ದಳಂತೆ. ಇವರು ದೂರದಿಂದಲೇ, ಯವ್ವಾ ಚೆಲ್ಲು ಎಂದು ಕೂಗಿದರಂತೆ.

"ಹಬ್ಬದ ದಿನ ತುಂಬಿದ ಕೊಡ ಚೆಲ್ಲು ಅಂತೀಯಲ್ಲೋ, ಯಾವನೋ ನೀನು? ಒದ್ದೆ ಕೋಳಿ ಇದ್ದಂಗೆ ಇದೀಯ!"

"ಗಣಿ ನೀರು ಹಳ್ಳಕ್ಕೆ ಬಿದ್ದೈತೆ ಯವ್ವಾ. ಕುಡೀಬ್ಯಾಡ್ರಿ, ದನಕ್ಕೂ ಬ್ಯಾಡ. ನಾನೇ ಆ ಪೈಪು ನೋಡ್ಕಳೋನು. ತಪ್ಪು ನಂದೇ."

ಮುದುಕಿ ಕೊಡ ಚೆಲ್ಲಿ, ಕೊಟ್ಟ ಬೈಗುಳಗಳನ್ನು ಆಪರೇಟರ್ ನನ್ನ ಮುಂದೆ ಹೇಳಲು ಒಪ್ಪಲಿಲ್ಲ. ಬೈಯುತ್ತಲೇ ಆಕೆ ಓಣಿ ಓಣಿಗೆ ಹೋಗಿ ಮನೆಮನೆಯ ಕೊಡ ಚೆಲ್ಲಿಸಿದಳಂತೆ.

ಮಾರನೆಯ ದಿನ ಕಟ್ಟೆಯ ಮೇಲೆ ಅವರ ಕೈ ನೋಡಿದೆ. ಬೆರಳಿನ ಸಂದಿಯಲ್ಲಿ ಚರ್ಮ ಸುಲಿದಿತ್ತು. ರಾತ್ರಿಯಿಡೀ ನನ್ನನ್ನು ಕಾಡಿದ್ದನ್ನು ಹೇಳಿಬಿಟ್ಟೆ. "ನಾನು ನೋಡಿದ ತಕ್ಷಣ ಹೇಳಿದ್ರೆ ವಾಲ್ವು ಮುಚ್ಚೋಕೆ ಟೈಮ್ ಸಿಗ್ತಿತ್ತು ಅಣ್ಣಾರೆ. ಅರ್ಧ ಗಂಟೆ ಸುಮ್ನೆ ಇದ್ದೆ."

ಅವರು ಲೋಟದ ತಳ ಸವರಿದರು. "ಅರ್ಧ ಗಂಟೆ ನಿಮ್ದು ಅಕ್ಕಾರೆ. ಹತ್ತು ವರ್ಷ ನಂದು. ಹತ್ತು ವರ್ಷ ಅವರ ಕಣ್ಮುಂದೆ ಹಚ್ಚಿದೆ. ಯಾಕ ಹಚ್ತೀನಿ ಅಂತ ಒಂದಿನಾನೂ ಹೇಳ್ಲಿಲ್ಲ. ಅವರು ಭಕ್ತಿಯಿಂದ ಮಾಡಿದ್ರು, ಪಾಪ. ಒಣಗಿದ್ದು ಹಚ್ಬೇಕು ಅಂತ ಅವರಿಗೆ ಹೆಂಗೆ ತಿಳೀಬೇಕು?"

ಬಾವಿ ಕೆಟ್ಟಿತ್ತು. ಕಂಪನಿ ಹಳ್ಳಿಗೆ ಟ್ಯಾಂಕರಿನಲ್ಲಿ ನೀರು ಕಳಿಸತೊಡಗಿತು. ಬಾವಿಯ ನೀರನ್ನು ಬಳಿದು ತೆಗೆದು, ಹಳ್ಳದ ಕೆಸರು ಎತ್ತಿ, ತಳದ ಊಟೆಯಿಂದ ಮತ್ತೆ ನೀರು ತುಂಬುವುದನ್ನು ಕಾದು, ಪರೀಕ್ಷೆ ಮಾಡಿಸಿದರು. ಮೂರನೆಯ ವಾರ ವರದಿ ಬಂತು, ನೀರು ಸರಿಯಾಗಿದೆ ಎಂದು. ಹಳ್ಳಿಯವರು ನಂಬಲಿಲ್ಲ. ಟ್ಯಾಂಕರ್ ನಿಲ್ಲಿಸಿದರೆ ಗಣಿಯ ರಸ್ತೆಗೆ ಅಡ್ಡ ಕೂರುತ್ತೇವೆ ಎಂದರು.

ಆಗ ಮ್ಯಾನೇಜರಿಗೆ ನನ್ನ ನೆನಪಾಯಿತು. ಮನೆಗೇ ಫೋನು ಮಾಡಿದರು. "ನಿಮ್ಮ ಮಾತು ಮೆತ್ತಗಿದೆ ಮೇಡಂ. ಅಲ್ಲಿ ತಕರಾರು ಮಾಡೋರೆಲ್ಲ ಹೆಂಗಸರೇ. ನೀವು ಬಂದು ನಾಲ್ಕು ಮಾತಾಡಿದ್ರೆ ಕೇಳ್ತಾರೆ." ಇಂಗ್ಲಿಷಿನಲ್ಲಿ ಒಂದು ಪುಟ ಬರೆದೂ ಕಳಿಸಿದರು, ನಾನು ಕನ್ನಡದಲ್ಲಿ ಹೇಳಬೇಕಾದದ್ದು. ನಮ್ಮ ಮನೆಯವರು ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಾನು ಆ ಪುಟವನ್ನು ಮಡಿಚಿ ಪರ್ಸಿಗೆ ಹಾಕಿಕೊಂಡು ಹೋದೆ. ಯಾಕೆ ಹೋದೆ ಎಂದರೆ, ವರದಿ ಸರಿ ಎಂದು ನಾನೂ ನಂಬಿದ್ದೆ.

ಬಾವಿಯ ಸುತ್ತ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಗಂಡಸರು ಮರದ ಕೆಳಗೆ. ನಮ್ಮ ಮನೆಯವರು ಟ್ಯಾಂಕರಿನ ಉಸ್ತುವಾರಿಗೆ ಬಂದಿದ್ದರು. ಇವರನ್ನೂ ಕರೆಸಿದ್ದರು, ಹಳ್ಳಿಯವರು ಇವರನ್ನು ಬಿಟ್ಟರೆ ಕಂಪನಿಯ ಇನ್ಯಾರ ಮುಖವನ್ನೂ ನೋಡಲು ಸಿದ್ಧರಿರಲಿಲ್ಲ. ಮ್ಯಾನೇಜರು ಬಾವಿಯಿಂದ ನೀರು ಸೇದಿಸಿ, ಸ್ಟೀಲ್ ಲೋಟದಲ್ಲಿ ತುಂಬಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ನೋಡಿ, ನಾನೇ ನಿಮ್ಮೆದುರು ಕುಡೀತೀನಿ. ಮೇಡಂ ವರದಿ ಓದಿ ಹೇಳ್ತಾರೆ."

ನಾನು ಪರ್ಸು ತೆರೆದೆ. ಆಗ ಇವರು ಮುಂದೆ ಬಂದು ಲೋಟದ ಬಾಯಿಯ ಮೇಲೆ ಅಂಗೈ ಇಟ್ಟರು.

"ಸರ್, ನೀವು ಒಂದು ಲೋಟ ಕುಡೀತೀರಿ. ಅವರು ದಿನಾ ಕುಡೀಬೇಕು."

"ವರದಿ ಬಂದಿದೆಯಲ್ಲರೀ!"

"ಮಳೆ ಬಿದ್ದ ಮಾರನೇ ದಿನ ಮೇಲಿನ ನೀರು ತಗಂಡು ಹೋಗಿದ್ರು ಸರ್, ನಾನು ನೋಡೀನಿ. ಮೇಲೆ ಮಳೆ ನೀರು ನಿಂತಿರ್ತೈತೆ. ತಳದ್ದು ತೆಗೀಬೇಕು. ಎರಡು ಸಲ, ಹತ್ತು ದಿನ ಬಿಟ್ಟು. ಸರ್ಕಾರದ ಲ್ಯಾಬಿಗೆ ಹೋಗ್ಲಿ."

ಮ್ಯಾನೇಜರ ಕಿವಿಯ ತುದಿ ಕೆಂಪಾಗಿತ್ತು. ಇವರ ಕೈ ಮಾತ್ರ ಲೋಟದ ಮೇಲಿಂದ ಏಳಲಿಲ್ಲ. ಆ ಮುದುಕಿ ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು, ಇವರನ್ನೇ ನೋಡಿ, "ಅಂದ್ರೆ, ಕುಡೀಬೌದೋ ಬ್ಯಾಡೋ? ಅದನ್ನ ಹೇಳಪ್ಪ" ಎಂದಳು.

"ಇನ್ನೂ ಬ್ಯಾಡ ಯವ್ವಾ."

ಆಕೆ ನನ್ನ ಕಡೆ ತಿರುಗಿದಳು. "ಈಯಮ್ಮ ಏನೋ ಓದ್ತಾಳಂತೆ?"

ನಾನು ಪುಟವನ್ನು ಮತ್ತೆ ಮಡಿಚಿದೆ. ನನ್ನ ಜೀವನದಲ್ಲಿ ಅಷ್ಟು ಜನರ ಮುಂದೆ ಮಾತಾಡಿದ್ದು ಅದೊಂದೇ ಸಲ. "ಅಣ್ಣಾರು ಹೇಳಿದ್ದೇ ನಂದೂ" ಎಂದೆ. ನಮ್ಮ ಮನೆಯವರ ಮುಖ ನೋಡಲು ಧೈರ್ಯ ಬರಲಿಲ್ಲ. ಅವರ ದನಿ ಮಾತ್ರ ಕೇಳಿಸಿತು. "ಟ್ಯಾಂಕರ್ ಬೆಳಿಗ್ಗೆ ಏಳಕ್ಕೆ ಬರುತ್ತೆ."

"ನಿನ್ನೆ ಒಂಬತ್ತಕ್ಕೆ ಬಂತು" ಎಂದಳು ಮುದುಕಿ.

"ಏಳಕ್ಕೇ ಬರುತ್ತೆ ಯವ್ವಾ."

ಅದಾದ ವಾರದಲ್ಲೇ ಇವರನ್ನು ಲೈನಿನಿಂದ ತೆಗೆದು ಗೇಟಿನ ಹತ್ತಿರ ಲಾರಿ ತೂಗುವ ಕೋಣೆಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ. ಜೀಪಿಗೆ ಕಾಯಲು ಮೊದಲಿನಂತೆಯೇ ಕಟ್ಟೆಗೆ ಬರುತ್ತಿದ್ದರು. ಮ್ಯಾನೇಜರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದು ಒಂದೇ, ನಮ್ಮ ಮನೆಯವರನ್ನು, ದಿನಾ. "ಸ್ಯಾಂಪಲ್ ತಳದಿಂದಾನೇ ತೆಗೆದ್ರಾ?"

ಎರಡನೆಯ ವರದಿಯೂ ಸರಿ ಎಂದು ಬಂದದ್ದು ಇನ್ನೂ ಒಂದು ತಿಂಗಳ ಮೇಲೆ. ನಮ್ಮ ಮನೆಯವರು ಅದರ ನಕಲು ತಂದು ಕಟ್ಟೆಯ ಮೇಲೆ ಅವರ ಕೈಗೆ ಕೊಟ್ಟರು. ಕಂಪನಿ ಟ್ಯಾಂಕರ್ ನಿಲ್ಲಿಸುವ ದಿನವನ್ನೂ ಗೊತ್ತು ಮಾಡಿತು, ಆದರೆ ಹಳ್ಳಿಗೆ ಹೋಗಿ ಹೇಳಲು ಯಾರೂ ಮುಂದೆ ಬರಲಿಲ್ಲ. ಇವರು ಭಾನುವಾರ ತಮ್ಮ ರಜೆಯಲ್ಲಿ ಹೊರಟರು. "ನಾನೂ ಬರ್ತೀನಿ ಅಣ್ಣಾರೆ" ಎಂದೆ. "ಬಸ್ಸು ಬಾಳ ಎತ್ತಾಕ್ತೈತೆ ಅಕ್ಕಾರೆ" ಎಂದರು, ಬೇಡ ಎನ್ನಲಿಲ್ಲ. ಎರಡು ಬಸ್ಸು ಬದಲಿಸಿ ಹೋದೆವು.

ಬಾವಿಯ ಹತ್ತಿರ ಆ ಮುದುಕಿಯೂ ಇನ್ನು ಮೂರು ಜನ ಹೆಂಗಸರೂ ಇದ್ದರು. ಇವರು ಹಗ್ಗಕ್ಕೆ ಕಲ್ಲು ಕಟ್ಟಿದ ಬಾಟಲಿಯನ್ನು ತಳದವರೆಗೆ ಇಳಿಬಿಟ್ಟು ನೀರು ತೆಗೆದರು. ಕಾಗದದ ಪಟ್ಟಿಯೊಂದನ್ನು ಅದ್ದಿದರು, ನಾನು ಶಾಲೆಯ ಲ್ಯಾಬಿನಲ್ಲಿ ಕಂಡಿದ್ದ ಹಾಗೆ. ಹುಳಿ ಇದ್ದರೆ ಕೆಂಪಾಗಬೇಕಿದ್ದ ಅದು ಹಸಿರಾಯಿತು. ಆದರೂ ವರದಿಯ ಹಾಳೆ ತೆಗೆದು ಸಾಲುಸಾಲಾಗಿ ಬೆರಳಿಟ್ಟು ಓದಿಕೊಂಡರು. ಆಮೇಲೆ ತಲೆಯೆತ್ತಿ, "ಈಗ ಆತು ಯವ್ವಾ. ಕುಡೀರಿ" ಎಂದರು.

"ನೀನು ಹೇಳ್ದಿ ಅಂತ ಕುಡೀತೀವಪ್ಪ" ಎಂದಳು ಮುದುಕಿ, ಕೊಡಕ್ಕೆ ಹಗ್ಗ ಕಟ್ಟುತ್ತ.

ಇವರು ತಲೆಯಾಡಿಸಿದರು. "ನಾನು ಹೇಳ್ದೆ ಅಂತ ಬ್ಯಾಡ. ನಾಳೆ ನಾನು ಇರಲ್ಲ. ಇಲ್ಲಿ ಕೂಡ್ರಿ, ಹೆಂಗೆ ನೋಡ್ಬೇಕು, ಯಾಕ ನೋಡ್ಬೇಕು, ಎರಡೂ ಹೇಳ್ತೀನಿ. ಈ ಕಾಗದಕ್ಕೆ ಹುಳಿ ಅಷ್ಟೇ ತಿಳೀತೈತೆ, ಉಳಿದದ್ದು ತಿಳಿಯಲ್ಲ. ಅದಕ್ಕೆ ವರ್ಷಕ್ಕೆ ಎರಡು ಸಲ ಲ್ಯಾಬಿನ ಹಾಳೆ ಕೇಳಿ ಇಸ್ಕಬೇಕು. ಕೊಡಲ್ಲ ಅಂದ್ರೆ ಯಾರ ಹತ್ರ ಹೋಗ್ಬೇಕು ಅದನ್ನೂ ಹೇಳ್ತೀನಿ."

"ಒಲಿ ಮ್ಯಾಲೆ ಅನ್ನ ಇಟ್ಟು ಬಂದೀನಿ ಕಣಪ್ಪ."

"ಅನ್ನ ಇಳಿಸಿ ಬರ್ರಿ. ಕಾಯ್ತೀನಿ."

ಮುದುಕಿ ಹೋದಳು. ಇವರು ಬಾವಿಯ ಮೆಟ್ಟಿಲ ಮೇಲೆ ಕಾಗದದ ಪಟ್ಟಿಗಳನ್ನು ಒಂದೊಂದಾಗಿ ಹರಡಿಟ್ಟು, ಗಾಳಿಗೆ ಹಾರದಂತೆ ಪ್ರತಿಯೊಂದರ ಮೇಲೂ ಒಂದು ಸಣ್ಣ ಕಲ್ಲು ಇಟ್ಟು ಕಾದರು. ಸ್ವಲ್ಪ ಹೊತ್ತಿಗೆ ಆಕೆ ಸೊಸೆಯನ್ನೂ ಪಕ್ಕದ ಮನೆಯವಳನ್ನೂ ಕರೆದುಕೊಂಡು ಬಂದಳು. ಕೊಡ ಪಕ್ಕಕ್ಕಿಟ್ಟು, ಮಂಡಿ ಹಿಡಿದುಕೊಂಡು ಅವರ ಎದುರು ಕುಕ್ಕರಗಾಲಿನಲ್ಲಿ ಕೂತಳು.

"ಹ್ಞೂಂ, ಹೇಳು ಈಗ. ಬಿಡಿಸಿ ಹೇಳ್ಬೇಕು ಮತ್ತೆ" ಎಂದಳು.